ಹೊಟ್ಟೆಗೆ ಹಿಟ್ಟಿಲ್ಲ, ಮೀಸೆಗೆ ಮೇಣ

ನನ್ನ ಗಂಡನ ಮೇಲ್ತುಟಿ ಎಷ್ಟು ನುಣುಪೆಂದು
ನನಗೊಬ್ಬಳಿಗೇ ಅಲ್ಲ, ಅರ್ಧ ಪ್ಯಾರಿಸ್ಸಿಗೆ ಗೊತ್ತಿತ್ತು.
ಕೆಫೆಯಲ್ಲಿ ತಟ್ಟೆ ಹೊರುವವನಿಗೆ ಮೀಸೆ ಇರಕೂಡದು.
ಒಳಗೆ ಸೌಟು ಹಿಡಿದವನಿಗೆ ಇರಬಹುದು,
ಸಾರೋಟಿನವನಿಗೆ ಇರಬಹುದು,
ಹಿತ್ತಲ ಬಾಗಿಲಲ್ಲಿ ಇದ್ದಿಲು ಸುರಿದು
ಕತ್ತೆಯ ಜೊತೆ ಜಗಳಾಡುವವನಿಗೂ ಇರಬಹುದು;
ಒಕ್ತಾವ್‌ಗೆ ಇರಕೂಡದು.
ಪಾದ್ರಿಗೂ ಇಲ್ಲವಲ್ಲಪ್ಪ, ನಾಟಕದವನಿಗೂ ಇಲ್ಲವಲ್ಲ
ಎಂದು ಸಮಾಧಾನ ಹೇಳಿದ್ದರು ಮಾಲೀಕ ಮೊಸಿಯೊ ಗ್ರಾಂಜಾ,
ತಮ್ಮ ಗಿರಿಜಾ ಮೀಸೆಯ ತುದಿಯನ್ನು
ಕಿರುಬೆರಳಲ್ಲಿ ಮೇಲೆತ್ತುತ್ತ.

ಆ ಏಪ್ರಿಲ್‌ನಲ್ಲಿ ಮುಷ್ಕರ.
ವಾರಕ್ಕೊಂದು ರಜೆ ಬೇಕು.
ಒಡೆದ ಲೋಟಕ್ಕೆ ದಂಡ ಬೇಡ.
ಮೀಸೆ ಬೇಕು.
ಮೂರನೆಯದಕ್ಕೆ ಪತ್ರಿಕೆಯವರು ನಕ್ಕರು.
ಇಸ್ತ್ರಿಪೆಟ್ಟಿಗೆಗೆ ಉಗುಳಿ ಶಾಖ ನೋಡುತ್ತ
ನಾನೂ ನಕ್ಕೆ:
ಹೊಟ್ಟೆಗೆ ಹಿಟ್ಟಿಲ್ಲ, ಮೀಸೆಗೆ ಮೇಣ!

ಮೊದಲ ಮೂರು ದಿನ ಅದು ಮೀಸೆಯಲ್ಲ, ಕೊಳೆ.
ಒರೆಸಿಕೋ ಎಂದೆ.
ನಾಲ್ಕನೇ ದಿನ ಮುತ್ತಿಟ್ಟ: ಗೋಣಿತಾಟು.
ಆರಕ್ಕೆ ತುರಿಕೆ, ನಿದ್ದೆಯಲ್ಲೂ ಕೆರೆದ.
ಎಂಟಕ್ಕೆ ಗೋಡೆ ಗಡಿಯಾರ ಗಿರವಿಗೆ ಹೋಯಿತು.
ಹೊತ್ತು ತಿಳಿಯಲು ಇದೊಂದಿದೆಯಲ್ಲ
ಎಂದು ಮೂಗಿನ ಕೆಳಗೆ ಬೆರಳಿಟ್ಟ.
ಆಗಲೇ ನಾನು ಕಂಡದ್ದು.
ತಲೆಗೂದಲು ಕಾಗೆ ಕಪ್ಪು.
ಮೀಸೆ ಬರುತ್ತಿರುವುದು ಕೆಂಪು.

ಮಾವನನ್ನು ನಾನು ಕಂಡವಳಲ್ಲ.
ಓವೆರ್ನಿನ ಗುಡ್ಡದಲ್ಲಿ ಕೆಂದಸುಗಳ ಹಿಂಡು ಕಾಯುವವ,
ಹಾಲಿನ ಪಾತ್ರೆ ಉರುಳಿಸಿದ ಹನ್ನೆರಡರ ಮಗನನ್ನು
ಒದ್ದೆ ಹಗ್ಗದಲ್ಲಿ ಬಾರಿಸಿದವ.
ಅದೇ ರಾತ್ರಿ ಮಗ ರೈಲು ಹತ್ತಿದ. ಇಷ್ಟೇ ನನಗೆ ಗೊತ್ತು.
ಈಗ ಅದೇ ಮನುಷ್ಯ
ಹೇಳದೆ ಕೇಳದೆ, ಕೂದಲು ಕೂದಲಾಗಿ
ಆರು ಮಹಡಿ ಹತ್ತಿ ಬಂದು
ನಮ್ಮ ಈರುಳ್ಳಿ ಸಾರಿನ ಮುಂದೆ ಕೂತ.

ಹದಿಮೂರನೇ ದಿನ ಒಕ್ತಾವ್
ಕನ್ನಡಿಯನ್ನು ಗೋಡೆಗೆ ಮುಖ ಮಾಡಿಸಿಟ್ಟು
ಕ್ಷೌರದ ಕತ್ತಿ ಮಸೆಯತೊಡಗಿದ.
ಬೋಳಿಸಿದರೆ ಬೀದಿಯಲ್ಲಿ ಏನೆಂದಾರು?
ಬರಿದುಟಿ ಕಂಡರೆ ಸಾಕು, ಮಾಲೀಕನ ಕಾಲಿಗೆ ಬಿದ್ದವನೆಂದು
ಜೊತೆಗಾರರು ಉಗುಳುತ್ತಿದ್ದ ದಿನಗಳು.
ಬಿಟ್ಟರೆ ಅಪ್ಪ,
ಬೋಳಿಸಿದರೆ ದ್ರೋಹಿ.
ಕತ್ತಿ ಕೈಯಲ್ಲೇ ಇತ್ತು. ಕೈ ನಡುಗುತ್ತಿತ್ತು.

ಕೂರು ಎಂದೆ. ಹೇಗಿತ್ತು ಹೇಳು, ಅವನದು.
'ಇಳಿಬಿದ್ದು ಬಾಯಿ ಮುಚ್ಚುತ್ತಿತ್ತು, ಲೆಯೋಂತಿನ್.
ನಗುತ್ತಿದ್ದಾನೋ, ಹಲ್ಲು ಕಡಿಯುತ್ತಿದ್ದಾನೋ
ಹಗ್ಗ ಬೀಳುವವರೆಗೆ ತಿಳಿಯುತ್ತಿರಲಿಲ್ಲ.'

ಯಾರದೋ ಮದುವೆಯ ಲೇಸು ಕತ್ತರಿಸುವ
ಪುಟ್ಟ ಕತ್ತರಿ ತಂದೆ.
ತುಟಿಯಂಚು ಕಾಣುವವರೆಗೆ ಕತ್ತರಿಸಿದೆ.
ಮೂಗಿನಡಿ ಸಣ್ಣ ಬೈತಲೆ.
ಹಲ್ಲು ಮುರಿದ ಬಾಚಣಿಗೆಯಲ್ಲಿ ಅತ್ತ ಇತ್ತ ಬಾಚಿ,
ಇಸ್ತ್ರಿಪೆಟ್ಟಿಗೆಗೆ ಸವರುವ ಜೇನುಮೇಣವನ್ನು
ಅಂಗೈಯಲ್ಲಿ ಕರಗಿಸಿ,
ಎರಡೂ ತುದಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹುರಿ ಮಾಡಿದೆ.
ಗಿಡ್ಡ ಕೂದಲು ಮಾತು ಕೇಳಲಿಲ್ಲ. ಎಡಗಡೆಯದು
ಎರಡು ಸಲ ಜಾರಿ ಬಿತ್ತು.
ಹಾಗೆ ಮುಖಕ್ಕೆ ಮುಖ ತಂದು ನಾವು ಕೂತದ್ದು
ಮದುವೆಯಾದ ವರ್ಷವೇ ಇರಬೇಕು.
ಕನ್ನಡಿ ತಿರುಗಿಸಿದೆ.
ಬಹಳ ಹೊತ್ತು ನೋಡಿದ.
ಅವನು ಹೀಗೆ ಬಾಯಿ ಬಿಟ್ಟುಕೊಂಡು ಕೂರುತ್ತಿರಲಿಲ್ಲ, ಎಂದ.

ಮುಷ್ಕರ ಗೆದ್ದಿತು, ಅಂದರೆ ಮೀಸೆ ಗೆದ್ದಿತು.
ರಜೆಯ ಮಾತಿಗೆ 'ನೋಡೋಣ' ಎಂದರು ಗ್ರಾಂಜಾ.
ಲೋಟಕ್ಕೆ ದಂಡ ಹಾಗೇ ಇದೆ,
ಗಡಿಯಾರ ಇನ್ನೂ ಗಿರವಿಯಲ್ಲಿದೆ.

ರಾತ್ರಿ ಎರಡಕ್ಕೆ ಬರುತ್ತಾನೆ ಒಕ್ತಾವ್,
ಮೀಸೆಯಲ್ಲಿ ಊರವರ ಕಾಫಿಯ ವಾಸನೆ.
ನಿದ್ದೆಯಲ್ಲಿ ಮೇಣ ಸಡಿಲಿ
ಒಂದೊಂದು ದಿನ ಬಲತುದಿ ಬಾಯಿಗೆ ಇಳಿಯುತ್ತದೆ.
ದೀಪ ಹಚ್ಚುವುದಿಲ್ಲ ನಾನು.
ಎರಡು ಬೆರಳು ಎಂಜಲು ಮಾಡಿ
ಮೇಲಕ್ಕೆ ತಿರುವಿ ಮಲಗುತ್ತೇನೆ.