ಐದನೆಯ ಬೆರಳು

ಚಳ್ಳಕೆರೆ ಸಂತೆಯಲ್ಲಿ ದನದ ಬೆಲೆಯನ್ನು
ಬಾಯಿಬಿಟ್ಟು ಹೇಳುವಂತಿರಲಿಲ್ಲ.
ಹೇಳಿದರೆ ದನಕ್ಕೂ ನಾಚಿಕೆ ಅನ್ನುತ್ತಿದ್ದರು,
ಕೇಳಿಸಿಕೊಂಡವರ ಕಣ್ಣು ಬೇರೆ.
ಟವೆಲ್ಲು ಹೊದಿಸಿ, ಅದರ ಕತ್ತಲಲ್ಲಿ
ಕೈಗೆ ಕೈ ಕೊಡಬೇಕು.
ಹಿಡಿದಷ್ಟು ಬೆರಳು, ಅಷ್ಟು ಸಾವಿರ.
ಅರ್ಧ ಬೆರಳು ಅದುಮಿದರೆ ಐನೂರು.
ಮೇಲೆ ಮಾತ್ರ ಇಬ್ಬರೂ ಮೋಡದ ಸುದ್ದಿ ಆಡುತ್ತಿರಬೇಕು.

ಬುಡೇನ್ ಸಾಬರ ಟವೆಲ್ಲು ಹಸಿರು ಗೀರಿನದು,
ಹೊಗೆಸೊಪ್ಪಿನ ವಾಸನೆಯದು.
ಅದರೊಳಗೆ ತೆಲುಗು, ಉರ್ದು, ಕನ್ನಡ
ಯಾವುದೂ ಇರಲಿಲ್ಲ. ಎಲ್ಲರ ಬೆರಳೂ ಐದೇ.

ಅಂಥದರಲ್ಲಿ ಬಂದಳು ಸಣ್ಣಪಾಲಕ್ಕ,
ಮ್ಯಾಸರ ಹಟ್ಟಿಯಾಕೆ, ಜೋಡಿ ಎತ್ತು ಹಿಡಿದು,
ಜೊತೆಗೆ ಗಂಡಸಿಲ್ಲದೆ.
ಏಕೆಂದು ಯಾರೂ ಕೇಳಲಿಲ್ಲ, ಕೇಳುವುದು ಮರ್ಯಾದೆಯಲ್ಲ.
ಸಾಬರು ಮೊದಲು ಮಾಡಿದ್ದು
ಪಕ್ಕದ ಕೋಳಿ ಪುಟ್ಟಿಯನ್ನು ಗಾಡಿಯ ಹಿಂದಕ್ಕೆ ಸರಿಸಿದ್ದು;
ಮ್ಯಾಸರಿಗೆ ಕೋಳಿ ಆಗದೆಂದು ಅವರಿಗೆ ಗೊತ್ತು.
ಅವಳು ಮೊದಲು ಮಾಡಿದ್ದು
ಬಾಂಗ್ ಮುಗಿಯುವವರೆಗೆ ಎತ್ತಿನ ಕೊರಳ ಗಂಟೆಯನ್ನು
ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತದ್ದು.
ಅಷ್ಟಕ್ಕೇ ಅರ್ಧ ಮಾತು ಆಗಿತ್ತು.

ಉಳಿದರ್ಧಕ್ಕೆ ಕೈ ಬೇಕಲ್ಲ?
ಪರ ಹೆಂಗಸಿನ ಕೈಯನ್ನು ಟವೆಲ್ಲೊಳಗೆ ಹಿಡಿಯುವುದುಂಟೆ!
ಸಾಬರು ಗಡ್ಡ ಕೆರೆದರು.
ಅವಳು ಬೇವಿನ ನೆರಳಿಗೆ ಹೋಗಿ ನಿಂತಳು.

"ಲೇ ಚಾ ಹುಡುಗ, ಬಾ ಇಲ್ಲಿ."

ಆ ಹುಡುಗ ನಾನು. ವಯಸ್ಸು ಒಂಬತ್ತು.
ಸಾಬರು ನನ್ನ ನಾಲ್ಕು ಬೆರಳು ಹಿಡಿದರು.
ಓಡಿದೆ, ಬೆರಳು ಎಲ್ಲಿ ಉದುರುತ್ತವೋ ಎಂಬಂತೆ.
ಸೆರಗಿನ ಮರೆಯಲ್ಲಿ ಅವಳ ಕೈಗೆ ನಾಲ್ಕನ್ನು ಕೊಟ್ಟೆ.
ಸಗಣಿ ಒಣಗಿದ ಒರಟು ಕೈ.
ಎತ್ತುಗಳನ್ನು ನೋಡಿದಳು,
ನಾಲ್ಕನ್ನೂ ಮೆತ್ತಗೆ ಮಡಚಿದಳು. ಅಂದರೆ ಹೂಂ.

ವಾಪಸು ಬಂದು ಒಪ್ಪಿಸುವಾಗ,
ಬೆಳಗ್ಗೆ ಕೆಟ್ಲಿ ತಾಗಿ ಸುಟ್ಟ ಹೆಬ್ಬೆರಳಿನ ಬೊಬ್ಬೆಗೆ
ಸಾಬರ ಉಂಗುರ ಒತ್ತಿತು.
ಅಯ್ಯೋ ಅನ್ನಲಿಲ್ಲ; ಟವೆಲ್ಲಿನ ಕೆಳಗೆ ಸದ್ದು ಮಾಡಬಾರದು.
ಐದೂ ಬೆರಳು ಒಟ್ಟಿಗೆ ಅವರ ಕೈಯನ್ನು ಹಿಡಿದವು,
ಬಿಗಿಯಾಗಿ.

ಸಾಬರು ಬೇವಿನ ಕಡೆ ನೋಡಿದರು.
ಪಾವಗಡದ ಬಸ್ಸು ಧೂಳೆಬ್ಬಿಸಿತ್ತು,
ಅವಳು ಸೆರಗೆಳೆದು ಮುಖ ತಿರುಗಿಸಿದ್ದಳು.
ಮುನಿಸು ಅಂದುಕೊಂಡರು.
"ಆಗಲಿ ತಾಯಿ" ಅಂದು ಐದು ಎಣಿಸಿದರು.
ಕೊಟ್ಟವರೆದುರು ಎಣಿಸುವುದು ಅವಳ ಕಡೆ ಸಲ್ಲದು.
ಕಣ್ಣಿಗೊತ್ತಿ, ಸಂಚಿಗೆ ಹಾಕಿ, ಹೋದಳು.

ಮುಂದಿನ ಸಂತೆಗೆ ಬಂದಳು, ಸಾವಿರದ ಗಂಟು ಹಿಡಿದು.
ಸಾಬರಿಗೆ ಕೊಡೆಂದಳು ನನ್ನ ಹತ್ತಿರ.
ಸಾಬರು ಮುಟ್ಟಲಿಲ್ಲ:
"ಟವೆಲ್ಲೊಳಗೆ ಆಡಿದ್ದು ಆಡಿದ್ದೇ.
ಹಿಂದಕ್ಕೆ ತಗಂಡ್ರೆ ನಾಳೆ ನನ್ ಕೈ ಯಾರು ಹಿಡೀತಾರೆ?"
ಅವಳೋ:
"ನಮ್ದಲ್ಲದ್ದು ಗುಡ್ಲೊಳಗೆ ಮಲಗಿದ್ರೆ
ದ್ಯಾವ್ರು ಹೊರಗೆ ಮಲಗ್ತಾರೆ."
ಮೂರು ಸಂತೆ ನಾನು ಆ ಗಂಟು ಹೊತ್ತು ಅಡ್ಡಾಡಿದೆ.
ಅವರಿಬ್ಬರೂ ಎದುರಾಬದುರು ಒಂದು ಮಾತೂ ಆಡಲಿಲ್ಲ.

ಕೊನೆಗೆ ಅದು ಅಪ್ಪನ ಸಕ್ಕರೆ ಡಬ್ಬಿಯ ತಳ ಸೇರಿತು.
ಅವಳು ಬಂದಾಗ ತನ್ನದೇ ಲೋಟ ತರುತ್ತಿದ್ದಳು,
ಅಪ್ಪ ಮೇಲಿಂದ ಹುಯ್ಯುತ್ತಿದ್ದ.
ಸಾಬರು ಕಲ್ಲುಕಟ್ಟೆ ಮೇಲೆ, ತುಟಿ ಒಡೆದ ಗಾಜಿನಲ್ಲಿ.
ಇಬ್ಬರೂ ಕಾಸು ಕೊಡಲಿಲ್ಲ, ಲೆಕ್ಕ ಕೇಳಲಿಲ್ಲ.
ಎಷ್ಟು ವರ್ಷ ಅಂದರೆ, ಆ ಸಾವಿರ ಎಂದೋ ತೀರಿ
ಅಪ್ಪ ತನ್ನ ಕೈಯಿಂದಲೇ ಹಾಕುತ್ತಿದ್ದ. ಅವನೂ ಹೇಳಲಿಲ್ಲ.

ಈಗ ಸಂತೆಯಲ್ಲಿ ಬೆಲೆಯನ್ನು ಕೂಗುತ್ತಾರೆ,
ದುಡ್ಡು ಬಂತೆಂದು ಡಬ್ಬಿಯೊಂದು ಇನ್ನೂ ಜೋರಾಗಿ ಕೂಗುತ್ತದೆ.
ನನ್ನ ಹೆಬ್ಬೆರಳಲ್ಲಿ ಗುರುತು ಉಳಿದಿದೆ, ಜೋಳದ ಕಾಳಿನಷ್ಟು.
ಅದು ಬೆಲೆಯಲ್ಲ, ಉರಿ ಅಂತ
ಸಾಬರಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ.
ಹೇಳಿದ್ದರೆ
ಚಾ ನಿಲ್ಲುತ್ತಿತ್ತು.