ಒಂಟಿ ಗುಡಿಸು

ಬೆಟಗೇರಿ. ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿ.
ಕೆಳಗ ಪಟ್ಟಾ ತಿರಗಿದ್ರ ಇಲ್ಲೆ ಮೌಸು ನಡಗತೈತಿ,
ಕೀಬೋರ್ಡಿನ ಸಂದ್ಯಾಗ ಜ್ವಾಳದ ಹಿಟ್ಟು.
ಅಂದಾನೆಪ್ಪ ಮಾಸ್ತರ ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕು,
ಮುನ್ನೂರಾ ಹನ್ನೆರಡು ಪುಟ, ನಲವತ್ತೊಂದು ಶಾಸನ,
ಎಲ್ಲಾ ಅವರ ಸೈಕಲ್ ಮ್ಯಾಲೆ ಹೋಗಿ
ಕಲ್ಲಿಗೆ ಕಾಗದ ಒತ್ತಿ ತಂದದ್ದು.

ಕೀಲಿ ಒತ್ತಿದೆ. ಓಡಿತು. ನಿಂತಿತು.
ದೋಷ ಸೊನ್ನೆ.
ಪಿಡಿಎಫ್ ತಯಾರು, ನಾ ಚಾ ತರಿಸಿದೆ.

ಇನ್ನೂರಾ ಆರನೇ ಪುಟದಾಗ ಶಾಪದ ಸಾಲು,
ಹಳ್ಳದ ದಂಡಿ ಕಲ್ಲಿಂದು.
ಇದನೞಿದೊಂ ಕವಿಲೆಯನೞಿದೊಂ ಅಂತಿರಬೇಕು,
ಇದನ್ನ ಅಳಿಸಿದಾವ ಆಕಳಾ ಕೊಂದಂಗ ಅಂತ.
ಪರದೆ ಮ್ಯಾಲೆ ನೋಡಿದ್ರ
ಅಳಿ ಅನ್ನೂ ಜಾಗಾನ ಅಳಿದು ಹೋಗಿತ್ತು.
ಇದನ◌ಿದೊಂ.
ಚುಕ್ಕಿ ಚುಕ್ಕಿ ಉಂಗುರದ ನೆತ್ತಿಗೆ ಒಂಟಿ ಗುಡಿಸು,
ತಲಿ ಇಲ್ಲದ ರುಮಾಲು.

ಲಾಗ್ ಫೈಲ್ ತಗದೆ. ನಾಕು ಸಾವಿರ ಸಾಲು.
ಆ ಸಾಲು ತುಂಬಿ ಹೊರಗ ಚೆಲ್ಲೇತಿ, ಈ ಪುಟ ಸಡಲ ಆಗೇತಿ,
ಇಂಥಾ ತಕರಾರಿನ ನಡಕ,
ಕೂಸು ಮಲಗಿದ ಮನ್ಯಾಗ ಮಾತಾಡಿದಂಗ,
ಈ ಅಕ್ಷರ ಈ ಫಾಂಟಿನಾಗ ಇಲ್ಲ.
ಈ ಅಕ್ಷರ ಈ ಫಾಂಟಿನಾಗ ಇಲ್ಲ.
ಅರವತ್ತೇಳು ಸಲ.
ಒಮ್ಮಿಯೂ ದನಿ ಏರಿಸಿಲ್ಲ.

ಅದಂತೂ ಅರಿವಿ ಒಗಿಯೂ ಕಲ್ಲು.
ಎಷ್ಟು ಮಂದಿ ಎಷ್ಟು ಕೌದಿ ಬಡಿದಾರೋ ಅದರ ಮ್ಯಾಲೆ,
ಸಬಕಾರದ ನೊರಿ ಅಕ್ಷರದ ತಗ್ಗಿನಾಗ ಇಳಿದು ಒಣಗಿತ್ತಂತ.
ಅಷ್ಟಾದ್ರೂ ೞ ಉಳಿದಿತ್ತು.
ನಾ ಒಂದು ಕೀಲಿ ಒತ್ತಿದೆ, ಹೋತು.
ಹಂಗಾರ ಆಕಳಾ ಕೊಂದಾಕಿ ನಾನ?

ಹಳೇ ಬಾಕಿ ಕೇಳಾಕ ಮೌಲಾಸಾಬ ಕಾಕಾ ಬಂದ್ರು.
ಮೊದಲ ಮೊಳಿ ಜೋಡಿಸ್ತಿದ್ದವರು, ಈಗ ಬರೇ ಬೈಂಡಿಂಗ್.
ಬಗ್ಗಿ ನೋಡಿ ಅಂದ್ರು:
ನಮ್ಮ ಕಾಲಕ್ಕ ಮೊಳಿ ಕಡಿಮಿ ಬಿದ್ರ
ಇನ್ನೊಂದನ್ನ ತಲಿಕೆಳಗ ಮಾಡಿ ಕೂಡಸ್ತಿದ್ವಿ.
ಪ್ರೂಫಿನಾಗ ಎರಡು ಕರೀ ಪಾದ ಮೂಡತಿದ್ವು.
ನೋಡಾವಗ ಒದ್ದಂಗ ಆಗಬೇಕು ನೋಡವ್ವಾ.
ಇಲ್ಲದ್ದು ಇಲ್ಲ ಅಂತ ಕಾಣಬೇಕು.

ಮಾಸ್ತರಿಗೆ ಫೋನ್ ಹಚ್ಚಿದೆ.
ಸರ, ಳ ಹಾಕಿಬಿಡ್ಲೇನ್ರಿ? ಎಲ್ಲಾರೂ ಹಂಗ ಓದತಾರ.
ಆ ಕಡಿ ಬರೇ ಫ್ಯಾನಿನ ಸಪ್ಪಳ.
ಆಮ್ಯಾಲೆ,
ನಿನ್ನ ಪಗಾರ ನಿಮ್ಮಕ್ಕನ ಕೈಯಾಗ ಕೊಟ್ರ ನಡೀತೈತೇನು?

ಹುಡುಕಿದೆ. ಬ್ಯಾರೆ ಫಾಂಟಿನಾಗ ಸಿಕ್ತು.
ಕಡತದ ತುದಿಗೆ ಒಂದು ಸಾಲು ಬರದೆ:
ನಮ್ಮಲ್ಲಿ ಇಲ್ಲದ್ದು ಬಂದ್ರ ನೆರಿಮನಿಗೆ ಹೋಗಿ ಕೇಳು.
ಅದರ ಕೆಳಗ ಇನ್ನೊಂದು:
ಅಲ್ಲೂ ಇಲ್ಲಂದ್ರ ಪಿಸುಗುಡಬ್ಯಾಡ,
ಕೆಲಸ ನಿಲ್ಲಿಸಿ ಚೀರು.
ಗುಡಿಸನ್ನೂ ಅಲ್ಲಿಂದನ ತರಬೇಕಾತು,
ತಲಿ ಒಂದು ಮನಿದು ರುಮಾಲು ಒಂದು ಮನಿದು ಆದ್ರ ಹೊಂದೂದಿಲ್ಲ.
ಕಡ ತಂದ ೞ ಸ್ವಲ್ಪ ದಪ್ಪ,
ಪಂಕ್ತ್ಯಾಗ ಪರ ಊರಾವ ಕುಂತಂಗ
ಮೊಣಕೈ ಮಗ್ಗಲಿನವರಿಗೆ ತಾಗತೈತಿ.
ತಾಗಲಿ.

ಸಂಜಿಕ ಮಾಸ್ತರು ಬಂದು ಚಷ್ಮಾ ಏರಿಸಿ ನೋಡಿದ್ರು.
ಇದನ್ನ ಹೆಂಗ ಅನಬೇಕ್ರಿ ಸರ, ಕೇಳಿದೆ.
ನಾಲಿಗಿ ಮಡಚಿದ್ರು, ಹಿಂದಕ ಒಯ್ದ್ರು, ಮುಂದಕ ತಂದ್ರು.
ಮೂರು ಸಲ ಅಂದ್ರು. ಮೂರೂ ಬ್ಯಾರೆ.
ಗಿರಣಿ ಆಗಷ್ಟ ನಿಂತಿತ್ತು, ಎಲ್ಲಾ ಕೇಳಿಸ್ತು.
ನಾನೂ ಅಂದು ನೋಡಿದೆ,
ಹಲ್ಲಿನ ಹಿಂದ, ಅಂಗಳದ ಮ್ಯಾಲೆ, ಇನ್ನೂ ಒಳಗ
ಜಾಗಾ ತಡಕಾಡಿದೆ.
ಬಂದದ್ದು ಳ.

ಇದು ಯಾವ ಲಾಗಿನಾಗೂ ಬರೂದಿಲ್ಲ.
ಪೆನ್ಸಿಲ್ ತಗೊಂಡು
ಇನ್ನೂರಾ ಆರನೇ ಪುಟದ ಅಂಚಿಗೆ
ಎರಡು ಕರೀ ಪಾದ ಬರದೆ, ಬೆರಳು ಮ್ಯಾಲೆ ಮಾಡಿ.
ಇದೇನವ್ವಾ, ಅಂದ್ರು ಮಾಸ್ತರು.
ಮೌಲಾಸಾಬ ಕಾಕಾನ ಕೇಳ್ರಿ, ಅಂದೆ.