ಅವುಡುಗಚ್ಚಿ

ಬಲಗಡೆಯ ಎರಡು ದವಡೆಹಲ್ಲು
ಬೀಸುವ ಕಲ್ಲಿನಂತೆ ಸವೆದಿವೆ ಅಂದರು
ತಿಲಕವಾಡಿಯ ಡಾಕ್ಟರ್ ಪಾಚ್ಛಾಪೂರೆ.
"ರಾತ್ರಿ ಹಲ್ಲು ಕಡೀತೀರೇನ್ರಿ?"
ಬಾಯಿ ತುಂಬ ಹತ್ತಿ. ಇಲ್ಲವೆಂದು ತಲೆಯಾಡಿಸಿದೆ.
ನಿದ್ದೆಯಲ್ಲಿ ನಾನೇನು ಮಾಡುತ್ತೇನೆಂದು
ನನಗೆ ಹೇಳುವವರು ಯಾರು?
ಉದ್ಯಮಬಾಗದ ಫೌಂಡ್ರಿಯಲ್ಲಿ ಅವನಿಗೆ ರಾತ್ರಿಪಾಳಿ.

ಹದಿನೇಳು ವರ್ಷ, ಕೋರ್ಟಿನಲ್ಲಿ ಬೆರಳಚ್ಚು ನನ್ನದು.
ಸಾಹೇಬರು ಹೇಳಿದ್ದನ್ನಷ್ಟೇ ಹೊಡೆಯಬೇಕು.
ಕಟಕಟೆಯಲ್ಲಿ ನೇಸರಗಿ ಕಡೆಯ ಹುಡುಗಿ
"ಹೊಟ್ಟ್ಯಾಗ ಕೆಂಡ ಇಟ್ಟಂಗ ಆತ್ರೀ" ಅಂದರೆ
ಕಾಗದಕ್ಕೆ ಇಳಿಯುವುದು: ಸಾಕ್ಷಿಗೆ ತೊಂದರೆಯಾಯಿತು.
ಸೆರಗು ಬಾಯಿಗೆ ತುರುಕಿಕೊಂಡು
ಅವಳು ನಿಂತ ಐದು ನಿಮಿಷಕ್ಕೆ
ಕೀಲಿಮಣೆಯಲ್ಲಿ ಅಕ್ಷರವಿಲ್ಲ.
ಕೊನೆಗೆ ಯಾವಾಗಲೂ ಅದೇ ಸಾಲು:
ಓದಿ ಹೇಳಲಾಗಿದೆ, ಕೇಳಿ ಸರಿಯಿದೆ.
ಕೆಂಡ ಎಲ್ಲಿಗೆ ಹೋಯಿತು?
ಆಗ ಕೇಳಿಕೊಳ್ಳಲಿಲ್ಲ.

ಲಗ್ನದ ದಿನ ಬಳೆ ಏರಿಸುತ್ತ ಅವ್ವ ಹೇಳಿದ್ದು ಇಷ್ಟೇ:
ಹಲ್ಲು ಕಚ್ಚಿ ಹಿಡಿ. ಹೊಟ್ಟಿಗೆ ಹಾಕ್ಕೋ.
ಬರೀ ಮಾತು ಅಂದುಕೊಂಡಿದ್ದೆ;
ಮೈ ಅದನ್ನು ಹುಕುಂ ಅಂದುಕೊಂಡಿತು.
ಹೊಟ್ಟೆಗೆ ಹಾಕಿಕೊಂಡದ್ದು ಹುಳಿತೇಗಾಗಿ
ನಸುಕಿನ ನಾಲ್ಕಕ್ಕೆ ಎಬ್ಬಿಸುತ್ತದೆ.
ಎರಡು ಸಲ ಬಸಿರು ನಿಲ್ಲಲಿಲ್ಲ.
ರಜೆ ಅರ್ಜಿಯಲ್ಲಿ, ಕಾರಣ: ಅನಾರೋಗ್ಯ.
ನಾನೇ ಹೊಡೆದದ್ದು, ಒಂದೂ ತಪ್ಪಿಲ್ಲದೆ.
ಮೂರನೇ ದಿನ ಹಾಜರಿ.

ಡಾಕ್ಟರು ಹಲ್ಲಿಗೊಂದು ಕವಚ ಕೊಟ್ಟರು,
ನೆನೆದ ಸಾಬೂದಾಣಿಯ ಬಣ್ಣದ್ದು.
"ಇನ್ಮ್ಯಾಲೆ ಇದನ್ನ ಕಡೀರಿ. ಹಲ್ಲರ ಉಳೀತಾವು."
ಮೊದಲ ರಾತ್ರಿ ನಾಚಿಕೆಯಾಯಿತು,
ನಾಯಿಗೆ ಎಲುಬು ಸಿಕ್ಕಂತೆ.
ಆಮೇಲೆ ರೂಢಿ.

ಆರು ತಿಂಗಳಿಗೆ ಮತ್ತೆ ಹೋದೆ.
ಒಂದನೇ ಗೇಟು ಬಿದ್ದಿತ್ತು,
ಮುಗಿಯದ ಗೂಡ್ಸ್ ಗಾಡಿ; ತಡವಾಯಿತು.
ಕವಚವನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದರು:
ಗೀರು, ಕುಳಿ,
ಒಂದು ಕಡೆ ಆರ್‌ಪಾರ್ ತೂತು.
"ಇಲ್ಲೇನ ಆಗಿತ್ರೀ?"

ಇಸಿದುಕೊಂಡು ನೋಡಿದೆ.
ಆ ಹುಡುಗಿಯ ಐದು ನಿಮಿಷ ಇಲ್ಲಿದೆ.
ಕೆಂಡ, ಇಲ್ಲಿ.
ತೂತು ಯಾರದೆಂದು ಹೇಳಲು ಬಾಯಿ ತೆರೆದರೆ
ದವಡೆ ಲಟಕ್ಕೆಂದಿತು.
ಅವರು ಸ್ಟೂಲು ಎಳೆದುಕೊಂಡು ಕೂತರು.
ಹೊರಗೆ ಬೆಂಚಿನ ಮೇಲೆ ಕೂಸೊಂದು ಚಿಟ್ಟನೆ ಚೀರುತ್ತಿತ್ತು,
ಹಲ್ಲೇ ಇಲ್ಲದ ಬಾಯಿಂದ, ಯಾರ ಹಂಗೂ ಇಲ್ಲದೆ.

ಹೇಳಿದೆ, ಬಂದಷ್ಟು.
ಯಾರೂ ಹೊಡೆದುಕೊಳ್ಳಲಿಲ್ಲ, ಓದಿ ಹೇಳಲಿಲ್ಲ.

ಹೊಸ ಕವಚಕ್ಕೆ ಅಳತೆ ಕೊಟ್ಟು ಬಂದೆ.
ಅಚ್ಚು ಗಟ್ಟಿಯಾಗುವ ತನಕ
ಬಾಯಿ ತೆರೆದೇ ಇತ್ತು.